ಬ್ಯಾಟರಿ ಸತ್ತಿಲ್ಲ, ಬಿಎಂಎಸ್ ಬಾಗಿಲು ಹಾಕಿದೆ

ನನ್ನದು ಕೊಡಗಿನ ಸುಂಟಿಕೊಪ್ಪದಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ. ಇಪ್ಪತ್ತೆರಡು ವರ್ಷದಿಂದ ತೋಟದ ಪಂಪ್‌ಸೆಟ್, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರಿನ ಮೋಟಾರ್, ಮನೆಗಳ ಮಿಕ್ಸಿ ಇವನ್ನೇ ಬಿಚ್ಚಿ ಸುತ್ತುತ್ತಿದ್ದೇನೆ. 2023ರಲ್ಲಿ ಒಂದು ಕರೆಂಟ್ ಬೈಕ್ ತೆಗೆದೆ. ನಾನು ಓಡಿಸುವುದು ಕಂಡ ಮೇಲೆ ಊರಿನ ಬೇರೆ ಕರೆಂಟ್ ಗಾಡಿಗಳೂ ಒಂದೊಂದಾಗಿ ಅಂಗಡಿ ಮುಂದೆ ಬಂದು ನಿಲ್ಲತೊಡಗಿದವು. ಓಡಿಸಿಕೊಂಡು ಬರುವವರು ಕಡಿಮೆ, ತಳ್ಳಿಕೊಂಡು ಬರುವವರೇ ಜಾಸ್ತಿ. ಎಲ್ಲರ ಮೊದಲ ಮಾತೂ ಒಂದೇ: "ಅಣ್ಣಾ, ಬ್ಯಾಟರಿ ಹೋಯ್ತು."

ನಾನು ನೋಡಿದ್ದರಲ್ಲಿ ಹೆಚ್ಚಿನ ಸಲ ಬ್ಯಾಟರಿ ಹೋಗಿರಲಿಲ್ಲ. ಬಿಎಂಎಸ್ ಬಾಗಿಲು ಹಾಕಿತ್ತು, ಅಷ್ಟೆ.

ಬಿಎಂಎಸ್ ಅಂದರೆ ಬ್ಯಾಟರಿ ಮ್ಯಾನೇಜ್‌ಮೆಂಟ್ ಸಿಸ್ಟಮ್. ತೋಟದಲ್ಲಿ ಮೋಟಾರ್ ಇಟ್ಟವರಿಗೆ ಇದನ್ನು ಹೇಳಿಕೊಡುವುದು ಸುಲಭ. ನಿಮ್ಮ ಸ್ಟಾರ್ಟರ್ ಬೋರ್ಡಿನಲ್ಲಿ ಪ್ರಿವೆಂಟರ್ ಇರುತ್ತದೆ, ಓವರ್‌ಲೋಡ್ ರಿಲೇ ಇರುತ್ತದೆ. ಒಂದು ಫೇಸ್ ಹೋದರೆ, ಕೆರೆಯಲ್ಲಿ ನೀರು ತಗ್ಗಿ ಪಂಪ್ ಒಣಗಿ ಓಡಿದರೆ, ಲೋಡ್ ಜಾಸ್ತಿಯಾದರೆ ಅವು ಮೋಟಾರನ್ನು ನಿಲ್ಲಿಸುತ್ತವೆ. ಆಗ ಯಾರೂ "ಮೋಟಾರ್ ಸುಟ್ಟಿತು" ಅನ್ನುವುದಿಲ್ಲ. "ಟ್ರಿಪ್ ಆಗಿದೆ" ಅನ್ನುತ್ತಾರೆ. ಏಕೆ ಟ್ರಿಪ್ ಆಯಿತು ಅಂತ ನೋಡುತ್ತಾರೆ. ಬೈಕಿನ ವಿಷಯದಲ್ಲಿ ಮಾತ್ರ ಈ ತಾಳ್ಮೆ ಇರುವುದಿಲ್ಲ.

ಮಾರ್ಚ್ ತಿಂಗಳಲ್ಲಿ, ಸ್ಪ್ರಿಂಕ್ಲರ್ ಬಿಡುವ ಅವಸರದಲ್ಲಿ, ರಿಲೇಗೆ ಕಡ್ಡಿ ಸಿಕ್ಕಿಸಿ ಮೋಟಾರ್ ಓಡಿಸುವವರೂ ಇದ್ದಾರೆ. ಅಂಥವರ ಮೋಟಾರೇ ನನಗೆ ವೈಂಡಿಂಗಿಗೆ ಬರುವುದು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಒಳಗೆ ಏನಿದೆ

ನನ್ನ ಬೈಕಿನದು 72 ವೋಲ್ಟ್, 45 ಆಂಪ್ ಅವರ್ ಬ್ಯಾಟರಿ. ಎರಡನ್ನೂ ಗುಣಿಸಿದರೆ 3.24 ಕಿಲೋವ್ಯಾಟ್ ಅವರ್. ಮನೆ ಮೀಟರಿನ ಲೆಕ್ಕದಲ್ಲಿ ಮೂರೂಕಾಲು ಯೂನಿಟ್. ಒಳಗೆ ಲಿಥಿಯಂ ಸೆಲ್‌ಗಳ 20 ಗುಂಪುಗಳು ಸೀರೀಸಿನಲ್ಲಿವೆ. ಒಂದು ಗುಂಪು ಸರಾಸರಿ 3.6 ವೋಲ್ಟ್. ಪೂರ್ತಿ ತುಂಬಿದಾಗ 4.2, ಖಾಲಿ ಅಂದರೆ 3 ವೋಲ್ಟ್. ಹಾಗಾಗಿ ತುಂಬಿದ ಪ್ಯಾಕ್ 84 ವೋಲ್ಟ್, ಖಾಲಿಯಾದದ್ದು 60. ಕೆಲವು ಗಾಡಿಗಳಲ್ಲಿ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಜಾತಿಯ ಸೆಲ್ ಇರುತ್ತದೆ. ಅದು 3.2 ವೋಲ್ಟಿನದು, ತುಂಬಿದಾಗ 3.65. ನಿಮ್ಮದು ಯಾವುದು ಅಂತ ಮೊದಲು ತಿಳಿದುಕೊಳ್ಳಿ. ಬ್ಯಾಟರಿ ಮೇಲಿನ ಸ್ಟಿಕ್ಕರಿನಲ್ಲೋ ಗಾಡಿಯ ಪುಸ್ತಕದಲ್ಲೋ ಬರೆದಿರುತ್ತಾರೆ.

ಬಿಎಂಎಸ್ ಅನ್ನುವುದು ಅಂಗೈ ಅಗಲದ ಒಂದು ಸರ್ಕ್ಯೂಟ್ ಬೋರ್ಡ್. 20 ಗುಂಪಿಗೂ ಅದರಿಂದ ಕೂದಲಿನಂಥ ಸಣ್ಣ ತಂತಿ ಹೋಗಿರುತ್ತದೆ. ಆ ತಂತಿಗಳಲ್ಲಿ ಪ್ರತಿ ಗುಂಪಿನ ವೋಲ್ಟೇಜ್ ನೋಡುತ್ತದೆ. ಇನ್ನು ಮೂರ್ನಾಲ್ಕು ಕಡೆ ಬಿಸಿ ಅಳೆಯುವ ಸೆನ್ಸರ್ ಇರುತ್ತವೆ. ದಪ್ಪ ತಂತಿಯಲ್ಲಿ ಎಷ್ಟು ಆಂಪಿಯರ್ ಹೋಗುತ್ತಿದೆ ಅಂತ ಅಳೆಯುವ ಒಂದು ಶಂಟ್ ಇರುತ್ತದೆ. ಕೊನೆಗೆ ಬಾಗಿಲು: ಮಾಸ್‌ಫೆಟ್ ಅನ್ನುವ ಎಲೆಕ್ಟ್ರಾನಿಕ್ ಸ್ವಿಚ್ಚುಗಳ ಸಾಲು. ಒಳಗೆ ಬರುವ ಕರೆಂಟಿಗೆ ಒಂದು ಬಾಗಿಲು, ಹೊರಗೆ ಹೋಗುವುದಕ್ಕೆ ಇನ್ನೊಂದು. ಎಲ್ಲಾದರೂ ಲೆಕ್ಕ ತಪ್ಪಿದರೆ ಆಯಾ ಬಾಗಿಲು ಮುಚ್ಚುತ್ತದೆ.

ಇಲ್ಲಿ ಒಂದು ಸಂಗತಿ ಚೆನ್ನಾಗಿ ತಲೆಗೆ ಹೋಗಬೇಕು. 20 ಕೊಡಗಳನ್ನು ಸಾಲಾಗಿ ಇಟ್ಟು, ಎಲ್ಲಕ್ಕೂ ಒಂದೇ ವೇಗದಲ್ಲಿ ನೀರು ಬಿಡುತ್ತಿದ್ದೀರಿ ಅಂದುಕೊಳ್ಳಿ. ಒಂದು ಕೊಡ ತುಂಬಿದ ಕೂಡಲೇ ಇಡೀ ಸಾಲಿನ ನಲ್ಲಿ ನಿಲ್ಲಿಸಬೇಕು, ಉಳಿದ 19 ಅರೆ ತುಂಬಿದ್ದರೂ ಸರಿ. ಖಾಲಿ ಮಾಡುವಾಗಲೂ ಹಾಗೆಯೇ. ಒಂದು ತಳ ಕಂಡರೆ ಮುಗಿಯಿತು. ಬ್ಯಾಟರಿ ಎಷ್ಟು ಕೊಡುತ್ತದೆ ಅನ್ನುವುದು ಎಲ್ಲಕ್ಕಿಂತ ಬಡ ಗುಂಪಿನ ಕೈಯಲ್ಲಿದೆ. ನಿಮ್ಮ ಡಿಸ್‌ಪ್ಲೇ ತೋರಿಸುವ ಶೇಕಡಾ ಮಾತ್ರ ಇಡೀ ಪ್ಯಾಕಿನದ್ದು.

ಬೋಯಿಕೇರಿ ಏರಿನಲ್ಲಿ ನಿಂತ ದಿನ

ಎರಡು ವರ್ಷದ ಹಿಂದೆ ಜನವರಿ. ರೋಬಸ್ಟಾ ಕೊಯ್ಲಿನ ಸಮಯ. ಬೆಳಿಗ್ಗೆ ಏಳಕ್ಕೆ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಮಡಿಕೇರಿಗೆ ಹೊರಟೆ. ಕಾಲಿನ ಹತ್ತಿರ ಒಂದು ಚೀಲ ಕಿತ್ತಳೆ, ಅವಳ ಅಕ್ಕನ ಮನೆಗೆ. ಮಂಜು ಬಿದ್ದು ರಸ್ತೆ ಕಾಣಿಸುತ್ತಿರಲಿಲ್ಲ. ಡಿಸ್‌ಪ್ಲೇಯಲ್ಲಿ ಚಾರ್ಜ್ ಮೊದಲೇ ಕಡಿಮೆ ಇತ್ತು. ಮಡಿಕೇರಿಯಲ್ಲಿ ಹಾಕಿದರಾಯಿತು ಅಂದುಕೊಂಡೆ. ಕೆದಕಲ್ ದಾಟಿ ಬೋಯಿಕೇರಿ ಏರು ಶುರುವಾಗುವಾಗ ಶೇಕಡಾ 14 ತೋರಿಸುತ್ತಿತ್ತು. ಒಂದು ತಿರುವಿನಲ್ಲಿ ಲಾರಿ ಹಿಂದಿಕ್ಕಲು ಥ್ರಾಟಲ್ ಪೂರ್ತಿ ತಿರುಗಿಸಿದೆ. ಬೈಕ್ ಸದ್ದಿಲ್ಲದೆ ನಿಂತುಬಿಟ್ಟಿತು. ಪೆಟ್ರೋಲ್ ಗಾಡಿಯಾದರೆ ಕೆಮ್ಮಿ, ಮುಗ್ಗರಿಸಿ ನಿಲ್ಲುತ್ತದೆ. ಇದು ದೀಪ ಆರಿದ ಹಾಗೆ.

ಪಕ್ಕಕ್ಕೆ ತಳ್ಳಿ, ಕೀ ತೆಗೆದು, ಐದು ನಿಮಿಷ ಬಿಟ್ಟು ಮತ್ತೆ ಹಾಕಿದೆ. ಎದ್ದಿತು! ಇನ್ನೂ 13 ತೋರಿಸುತ್ತಿತ್ತು. ಮೆಲ್ಲಗೆ, 25ರ ವೇಗದಲ್ಲಿ ಮಡಿಕೇರಿ ಮುಟ್ಟಿದೆವು. ಹೆಂಡತಿ ದಾರಿಯುದ್ದಕ್ಕೂ ಮಾತಾಡಲಿಲ್ಲ. ಅದು ಬೇರೆ ವಿಷಯ.

ಆಗಿದ್ದು ಏನು ಅಂದರೆ, ಇಬ್ಬರು ಕೂತು ಏರು ಹತ್ತುವಾಗ ಬ್ಯಾಟರಿಯಿಂದ 60 ಆಂಪಿಯರ್ ಹತ್ತಿರ ಎಳೆಯುತ್ತದೆ. ಅಷ್ಟು ಎಳೆದಾಗ ಎಲ್ಲ ಸೆಲ್‌ಗಳ ವೋಲ್ಟೇಜೂ ಸ್ವಲ್ಪ ಕುಸಿಯುತ್ತದೆ. ನಮ್ಮೂರಿನಲ್ಲಿ ಸಂಜೆ ಎಲ್ಲರೂ ಮೋಟಾರ್ ಹಾಕಿದಾಗ ಬಲ್ಬ್ ಮಂಕಾಗುತ್ತದಲ್ಲ, ಅದೇ ಕತೆ. ಚಳಿಯಲ್ಲಿ ಕುಸಿತ ಇನ್ನೂ ಜಾಸ್ತಿ. ಇಪ್ಪತ್ತರಲ್ಲಿ ಒಂದು ಗುಂಪು ಮೊದಲೇ ಹಿಂದೆ ಬಿದ್ದಿತ್ತು. ಉಳಿದವು 14ರಲ್ಲಿ ಇದ್ದಾಗ ಅದು 7ರ ಆಸುಪಾಸಿನಲ್ಲಿತ್ತು. ಥ್ರಾಟಲ್ ತಿರುಗಿಸಿದ ಕ್ಷಣ ಅದೊಂದು 3 ವೋಲ್ಟಿಗಿಂತ ಕೆಳಗೆ ಹೋಯಿತು, ಬಿಎಂಎಸ್ ಬಾಗಿಲು ಹಾಕಿತು. ಲೋಡ್ ತೆಗೆದ ಮೇಲೆ ವೋಲ್ಟೇಜ್ ಮತ್ತೆ ಏರಿತು, ಬಾಗಿಲು ತೆರೆಯಿತು.

ಇದೆಲ್ಲ ಆಮೇಲೆ ಸರ್ವಿಸಿನವರ ಲ್ಯಾಪ್‌ಟಾಪ್ ಸಿಕ್ಕಿಸಿ ನೋಡಿದಾಗ ಗೊತ್ತಾಗಿದ್ದು. ಆ ಗುಂಪು ಹಿಂದೆ ಬಿದ್ದದ್ದಕ್ಕೆ ಕಾರಣ ಮಾತ್ರ ನಾನೇ. ಯಾರೋ ಹೇಳಿದ್ದರು, ಲಿಥಿಯಂ ಬ್ಯಾಟರಿ 80ಕ್ಕೇ ನಿಲ್ಲಿಸಿದರೆ ಬಾಳಿಕೆ ಜಾಸ್ತಿ ಅಂತ. ಮಾತು ಸರಿಯೇ. ಆದರೆ ನಾನು ನಾಲ್ಕು ತಿಂಗಳು ಒಂದು ದಿನವೂ ಪೂರ್ತಿ ತುಂಬಿಸಿರಲಿಲ್ಲ.

ಹೆಚ್ಚಿನ ಬೈಕುಗಳ ಬಿಎಂಎಸ್ ಗುಂಪುಗಳನ್ನು ಸಮ ಮಾಡುವುದು ಬ್ಯಾಟರಿ ತುಂಬುತ್ತಾ ಬಂದಾಗ ಮಾತ್ರ. ಮುಂದೆ ಹೋದ ಗುಂಪಿನ ಕರೆಂಟನ್ನು ಒಂದು ಸಣ್ಣ ರೆಸಿಸ್ಟರಿನಲ್ಲಿ ಬಿಸಿಯಾಗಿ ಕಳೆದು, ಹಿಂದೆ ಬಿದ್ದದ್ದು ಬಂದು ಸೇರುವವರೆಗೆ ಕಾಯುತ್ತದೆ. ಇದಕ್ಕೆ ಬ್ಯಾಲೆನ್ಸಿಂಗ್ ಅನ್ನುತ್ತಾರೆ. 80ಕ್ಕೇ ಪ್ಲಗ್ ಕಿತ್ತರೆ ಆ ಕೆಲಸ ಶುರುವೇ ಆಗುವುದಿಲ್ಲ.

ಆ ಕೆಲಸ ಎಷ್ಟು ನಿಧಾನ ಅಂತ ಲೆಕ್ಕ ಹಾಕಿ ನೋಡಿ. ಕಳೆಯುವ ಕರೆಂಟ್ ಸಾಮಾನ್ಯವಾಗಿ 50ರಿಂದ 100 ಮಿಲಿಆಂಪ್. ನನ್ನ ಬ್ಯಾಟರಿ 45 ಆಂಪ್ ಅವರ್. ಅದರ ಶೇಕಡಾ 7 ಅಂದರೆ 3.15 ಆಂಪ್ ಅವರ್. 50 ಮಿಲಿಆಂಪಿನಲ್ಲಿ ಅಷ್ಟನ್ನು ಸರಿ ಮಾಡಲು 63 ಗಂಟೆ ಬೇಕು. ಎರಡೂವರೆ ದಿನಕ್ಕಿಂತ ಜಾಸ್ತಿ! ಒಂದು ರಾತ್ರಿ ಫುಲ್ ಚಾರ್ಜ್ ಮಾಡಿ "ಸರಿ ಹೋಗಲಿಲ್ಲ" ಅಂದರೆ ಹೇಗೆ?

ನಾನು ಮಾಡಿದ್ದು ಇಷ್ಟು. ಎರಡು ವಾರ ದಿನವೂ 100ಕ್ಕೆ ತುಂಬಿಸಿ, ಚಾರ್ಜರ್ ಹಸಿರು ದೀಪ ತೋರಿಸಿದ ಮೇಲೂ ಐದಾರು ಗಂಟೆ ಹಾಗೇ ಬಿಟ್ಟೆ. ರಾತ್ರಿ ಮಲಗಿದಾಗ ಅಲ್ಲ. ಹಗಲಲ್ಲಿ, ಅಂಗಡಿಯಲ್ಲಿ, ಕಣ್ಣೆದುರಿಗೆ. ಎರಡು ವಾರದ ಕೊನೆಗೆ ಅತಿ ಮೇಲಿನ ಮತ್ತು ಅತಿ ಕೆಳಗಿನ ಗುಂಪಿನ ನಡುವೆ ಇದ್ದ ಅಂತರ 20 ಮಿಲಿವೋಲ್ಟಿಗೆ ಇಳಿಯಿತು. ಅಲ್ಲಿಂದ ಈಚೆಗೆ ದಿನದ ಓಡಾಟಕ್ಕೆ 80–85, ಹತ್ತು ದಿನಕ್ಕೊಮ್ಮೆ ಪೂರ್ತಿ 100 ಮಾಡಿ ಎರಡು ಮೂರು ಗಂಟೆ ಬಿಡುತ್ತೇನೆ. ಎಲ್‌ಎಫ್‌ಪಿ ಆದರೆ ಇದು ಇನ್ನೂ ಮುಖ್ಯ. ಅದರ ವೋಲ್ಟೇಜ್ 90ರಿಂದ 20ರವರೆಗೆ ಹೆಚ್ಚು ಕಡಿಮೆ ಒಂದೇ ಥರ ಇರುವುದರಿಂದ ಆಗಾಗ ಪೂರ್ತಿ ತುಂಬಿಸದಿದ್ದರೆ ಬಿಎಂಎಸ್ಸಿನ ಶೇಕಡಾ ಲೆಕ್ಕವೇ ತಪ್ಪಿಹೋಗುತ್ತದೆ.

ಒಂದು ಮಾತು. ಬ್ಯಾಲೆನ್ಸಿಂಗ್ ಸರಿ ಮಾಡುವುದು ಹಿಂದೆ ಬಿದ್ದ ಗುಂಪನ್ನು. ಮುದಿಯಾದ ಗುಂಪನ್ನಲ್ಲ. ಎರಡು ಮೂರು ವಾರ ಹೀಗೆ ಮಾಡಿದ ಮೇಲೂ ಅದೇ ಗುಂಪು ಮತ್ತೆ ಮತ್ತೆ ಮೊದಲು ತಳ ಕಂಡರೆ ಆ ಸೆಲ್‌ಗಳದ್ದೇ ತೊಂದರೆ. ವಾರಂಟಿ ಪತ್ರ ಹುಡುಕಿ.

ಆಷಾಢದಲ್ಲಿ ಮರೆತ ಬೈಕ್

ಮುಂದಿನ ಜುಲೈಯಲ್ಲಿ ಮಾವನವರಿಗೆ ಹುಷಾರಿಲ್ಲ ಅಂತ ಮಂಗಳೂರಿಗೆ ಹೋದವರು 25 ದಿನ ಅಲ್ಲೇ ಉಳಿದೆವು. ಬೈಕ್ ಮನೆಯ ಶೆಡ್ಡಿನಲ್ಲಿ 12 ಪರ್ಸೆಂಟಿಗೆ ನಿಂತಿತ್ತು. ಬಂದು ಕೀ ಹಾಕಿದರೆ ಡಿಸ್‌ಪ್ಲೇಯೇ ಇಲ್ಲ. ಚಾರ್ಜರ್ ಹಾಕಿದರೆ ಸೀದಾ ಹಸಿರು ದೀಪ.

ಹಸಿರು ಅಂದರೆ ತುಂಬಿದೆ ಅಂತ ತಿಳಿಯಬೇಡಿ. "ಕರೆಂಟ್ ಹೋಗುತ್ತಿಲ್ಲ" ಅಂತ ಅಷ್ಟೆ ಅದರ ಅರ್ಥ. ಮಲ್ಟಿಮೀಟರಿನಲ್ಲಿ ಬ್ಯಾಟರಿಯ ಹೊರಗಿನ ಪಾಯಿಂಟ್ ನೋಡಿದೆ. ಸೊನ್ನೆ. ಗಾಬರಿಯಾಗಬೇಕಾದ್ದಲ್ಲ. ಬಾಗಿಲು ಮುಚ್ಚಿದಾಗ ಹೊರಗಿನಿಂದ ಅಳೆದರೆ ಸೊನ್ನೆಯೇ ಬರುವುದು. ಆದರೂ ಒಂದು ಕಡೆ ತೋರಿಸಿದಾಗ "ಹೊಸ ಬ್ಯಾಟರಿಯೇ ಹಾಕಬೇಕು" ಅಂದರು. ಬೆಲೆ ಕೇಳಿ ಚಹಾ ಕುಡಿಯದೆ ವಾಪಸ್ ಬಂದೆ.

ಲೆಕ್ಕ ನೋಡಿ. ಬೈಕ್ ಆಫ್ ಆಗಿದ್ದರೂ ಬಿಎಂಎಸ್, ಜಿಪಿಎಸ್ ಎಲ್ಲ ಸೇರಿ ಸಣ್ಣಗೆ ಕರೆಂಟ್ ತಿನ್ನುತ್ತಿರುತ್ತವೆ. ನನ್ನದರಲ್ಲಿ ಅಳೆದಾಗ 10 ಮಿಲಿಆಂಪ್ ಬಂತು. ದಿನಕ್ಕೆ 0.24 ಆಂಪ್ ಅವರ್. 12 ಪರ್ಸೆಂಟ್ ಅಂದರೆ 5.4 ಆಂಪ್ ಅವರ್. ಭಾಗಿಸಿದರೆ 22 ದಿನ. ನಾನು ಬಂದಿದ್ದು 25ನೇ ದಿನ.

ಬೇರೆ ಕಡೆ ಲ್ಯಾಪ್‌ಟಾಪ್ ಹಾಕಿ ಬಿಎಂಎಸ್ಸನ್ನು ಎಬ್ಬಿಸಿದಾಗ ಅತಿ ಕೆಳಗಿನ ಗುಂಪು 2.71 ವೋಲ್ಟ್ ಇತ್ತು. ಕಡಿಮೆ ಕರೆಂಟಿನಲ್ಲಿ ಮೆಲ್ಲಗೆ ಏರಿಸಿದರು. ಬದುಕಿಕೊಂಡಿತು. ಇನ್ನೂ ಎರಡು ತಿಂಗಳು ಬಿಟ್ಟಿದ್ದರೆ 2 ವೋಲ್ಟಿನ ಕೆಳಗೆ ಇಳಿಯುತ್ತಿತ್ತೋ ಏನೋ. ಹಾಗಾದಾಗ ಸೆಲ್ಲಿನ ಒಳಗಿನ ತಾಮ್ರದ ಹಾಳೆ ಕರಗತೊಡಗುತ್ತದೆ. ಆಮೇಲೆ ಚಾರ್ಜ್ ಮಾಡಿದರೆ ಆ ತಾಮ್ರ ಒಳಗೆ ಎಲ್ಲೆಲ್ಲೋ ಕೂತು ಶಾರ್ಟ್ ಆಗಬಹುದು. ಅಂಥ ಸೆಲ್ಲಿಗೆ ಬೇರೆ ಸಪ್ಲೈಯಿಂದ ತಂತಿ ಕೊಟ್ಟು ಎಬ್ಬಿಸುವ ವಿಡಿಯೋಗಳಿವೆ. ದಯವಿಟ್ಟು ಅದನ್ನು ಮಾಡಬೇಡಿ.

ಊರು ಬಿಟ್ಟು ಹೋಗುವಾಗ 50–60ಕ್ಕೆ ನಿಲ್ಲಿಸಿ. ಸೀಟಿನ ಕೆಳಗೆ ಎಂಸಿಬಿ (ಬ್ಯಾಟರಿಯ ಕರೆಂಟ್ ಕಡಿಯುವ ಸ್ವಿಚ್) ಇದ್ದರೆ ಆಫ್ ಮಾಡಿ. ತಿಂಗಳಿಗೊಮ್ಮೆ ಯಾರಿಗಾದರೂ ಹೇಳಿ ನೋಡಿಸಿ. ನಾನು ಈಗ ತಂಗಿಯ ಮಗನಿಗೆ ಕೀ ಕೊಟ್ಟು ಹೋಗುತ್ತೇನೆ. "ಮಾಮ, ನೋಡಿದೆ" ಅಂತ ಮೆಸೇಜ್ ಬರುತ್ತದೆ. ಜೊತೆಗೆ ಒಂದು ರೌಂಡ್ ಹೊಡೆದಿರುತ್ತಾನೆ ಅಂತಲೂ ಗೊತ್ತು.

ಘಾಟಿ ಹತ್ತುವ ಲೆಕ್ಕ, ಇಳಿಯುವ ಲೆಕ್ಕ

ಕಂಪನಿಯವರು ಹೇಳುವ ಕಿಲೋಮೀಟರ್ ಸಮತಟ್ಟು ರಸ್ತೆಯದ್ದು. ನಮ್ಮಲ್ಲಿ ಸಮತಟ್ಟು ಎಲ್ಲಿದೆ? ಸಂಪಾಜೆಯಿಂದ ಮಡಿಕೇರಿಗೆ ಸುಮಾರು 1000 ಮೀಟರ್ ಏರು. ಬೈಕು, ನೀವು ಸೇರಿ 200 ಕಿಲೋ ಅಂದರೆ, ಬರೀ ಎತ್ತರಕ್ಕೆ ಎತ್ತುವುದಕ್ಕೇ ಅರ್ಧ ಯೂನಿಟ್‌ಗಿಂತ ಜಾಸ್ತಿ, 0.54, ಬೇಕು. ಮೋಟಾರಿನಲ್ಲಿ, ಕಂಟ್ರೋಲರಿನಲ್ಲಿ ಬಿಸಿಯಾಗಿ ಹೋಗುವುದನ್ನು ಸೇರಿಸಿದರೆ ನನ್ನ ಬ್ಯಾಟರಿಯ ಐದನೇ ಒಂದು ಪಾಲು. ಇದು ರಸ್ತೆಯ ಉದ್ದಕ್ಕೆ ಖರ್ಚಾಗುವುದಕ್ಕಿಂತ ಬೇರೆ. ಕುಶಾಲನಗರದಿಂದ ಹತ್ತುವಾಗ ಎತ್ತರ 300 ಮೀಟರ್ ಚಿಲ್ಲರೆ, ಅಷ್ಟು ಕಾಡುವುದಿಲ್ಲ. ಘಾಟಿ ಬುಡದಲ್ಲಿ 40ರ ಕೆಳಗಿದ್ದರೆ ನಾನು ಹತ್ತುವುದಿಲ್ಲ. ಹತ್ತುವಾಗಲೂ ಒಂದೇ ಹದದಲ್ಲಿ ಹೋಗಬೇಕು. ತಿರುವಿನಲ್ಲಿ ನಿಲ್ಲಿಸಿ, ಮತ್ತೆ ಪೂರ್ತಿ ತಿರುಗಿಸಿ ಎಳೆದರೆ ಬಿಎಂಎಸ್ ಮೊದಲು ಪವರ್ ಕಡಿಮೆ ಮಾಡುತ್ತದೆ, ಆಮೇಲೆ ಕಟ್ ಮಾಡುತ್ತದೆ.

ಇಳಿಯುವುದರಲ್ಲಿ ಇರುವ ತಾಪತ್ರಯ ಬೆಂಗಳೂರಿನವರಿಗೆ ಗೊತ್ತಾಗುವುದಿಲ್ಲ. ಒಮ್ಮೆ ಮಡಿಕೇರಿಯಲ್ಲಿ ಭಾವನ ಮನೆಯಲ್ಲಿ 100 ಮಾಡಿಕೊಂಡು ಸುಳ್ಯದ ಕಡೆ ಇಳಿದೆ. ಮದೆನಾಡು ದಾಟುವಾಗ ಬೈಕ್ ಯಾಕೋ ಹಿಡಿತಕ್ಕೆ ಸಿಗುತ್ತಿಲ್ಲ ಅನ್ನಿಸಿತು. ಥ್ರಾಟಲ್ ಬಿಟ್ಟಾಗ ಮೋಟಾರ್ ಬೈಕನ್ನು ಹಿಂದಕ್ಕೆ ಹಿಡಿಯುತ್ತದಲ್ಲ, ರೀಜನ್ ಅನ್ನುತ್ತಾರೆ, ಅದು ಇರಲೇ ಇಲ್ಲ. ರೀಜನ್ ಅಂದರೆ ಬ್ಯಾಟರಿಗೆ ಚಾರ್ಜ್ ವಾಪಸ್ ತುಂಬುವುದು. ತುಂಬಿದ ಕೊಡಕ್ಕೆ ಮತ್ತೆಲ್ಲಿ ಹುಯ್ಯುವುದು? ಬಿಎಂಎಸ್ ಬೇಡ ಅಂದಿದೆ. ಜೋಡುಪಾಲದವರೆಗೂ ಬರೀ ಡಿಸ್ಕ್ ಬ್ರೇಕಿನಲ್ಲೇ ಇಳಿದೆ. ಪ್ಯಾಡ್ ಸುಟ್ಟ ವಾಸನೆ ಬಂತು.

ಆದ್ದರಿಂದ ಮಡಿಕೇರಿಯಿಂದ ಇಳಿಯುವ ದಿನ 90ಕ್ಕೇ ನಿಲ್ಲಿಸಿ ಹೊರಡಿ. ಫುಲ್ ಚಾರ್ಜ್ ಮಾಡುವ ದಿನ ಬೇರೆ ಇಟ್ಟುಕೊಳ್ಳಿ.

ಮಳೆಗಾಲ

ಲಿಥಿಯಂ ಬ್ಯಾಟರಿಗೆ ನಮ್ಮೂರಿನ ಚಳಿ ದೊಡ್ಡ ತೊಂದರೆಯಲ್ಲ. ಸೊನ್ನೆ ಡಿಗ್ರಿಗೆ ಇಳಿದರೆ ಚಾರ್ಜ್ ಮಾಡಬಾರದು, ಇಲ್ಲಿ ಅಷ್ಟು ಇಳಿಯುವುದಿಲ್ಲ. ತೊಂದರೆ ನೀರಿನದ್ದು. ಜೋರು ಮಳೆಯ ಕಕ್ಕಡ ತಿಂಗಳಲ್ಲಿ ಗೋಡೆಯೇ ಬೆವರುತ್ತದೆ, ಚಪ್ಪಲಿಗೆ ಬೂಸು ಹಿಡಿಯುತ್ತದೆ. ಆ ತೇವ ಕನೆಕ್ಟರನ್ನು ಬಿಡುತ್ತದೆಯೇ?

2023ರಿಂದ ಪೂರ್ತಿ ಜಾರಿಗೆ ಬಂದ, ಬ್ಯಾಟರಿ ಸುರಕ್ಷತೆಯ ಎಐಎಸ್-156 ನಿಯಮದ ತಿದ್ದುಪಡಿಯ ಪ್ರಕಾರ ಬೈಕಿನ ಬ್ಯಾಟರಿ ಐಪಿ67 ಇರಬೇಕು. ಅಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಒಳಗೆ ನೀರು ಹೋಗಬಾರದು. ಹಳೆ ಗಾಡಿ ಕೊಳ್ಳುವವರು ತಯಾರಾದ ವರ್ಷ ಕೇಳುವುದು ಇದಕ್ಕೇ. ಆದರೆ ಈ ಪರೀಕ್ಷೆ ನಿಂತ ನೀರಿನದ್ದು. ವಾಟರ್ ಸರ್ವಿಸಿನ ಪ್ರೆಶರ್ ಗನ್ನಿನದ್ದಲ್ಲ. ಕೊಡವರ ಆಯುಧ ಹಬ್ಬ ಕೈಲ್‌ಪೊಳ್ದಿಗೆ ಮುಂಚೆ, ಆಯುಧಪೂಜೆಗೆ ಮುಂಚೆ ಎಲ್ಲರೂ ಗಾಡಿ ತೊಳೆಸುತ್ತಾರೆ. ಅದಾಗಿ ಎರಡು ದಿನಕ್ಕೆ ನನಗೆ ಗಿರಾಕಿ ಬರುತ್ತಾರೆ. ಬಕೆಟ್ಟು, ಬಟ್ಟೆ ಸಾಕು. ಇನ್ನೊಂದು: ಗಂಧ, ಕುಂಕುಮ ಹೆಡ್‌ಲೈಟಿಗೆ ಹಚ್ಚಿ. ಚಾರ್ಜಿಂಗ್ ಪೋರ್ಟಿಗೆ ಹಚ್ಚಬೇಡಿ. ಸುಮ್ನೆ ಹೇಳುತ್ತಿಲ್ಲ, ಹಲ್ಲುಜ್ಜುವ ಬ್ರಶ್ಶಿನಲ್ಲಿ ಒಣಗಿದ ಗಂಧ ಕೆರೆದು ತೆಗೆದಿದ್ದೇನೆ.

ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ನಾನು ಮಾಡುವ ಕೆಲಸ ಹೇಳುತ್ತೇನೆ. ಕೀ ತೆಗೆಯುತ್ತೇನೆ, ಎಂಸಿಬಿ ಆಫ್. ಚಾರ್ಜಿಂಗ್ ಪೋರ್ಟಿನ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ಪಿನ್ನುಗಳನ್ನು ನೋಡುತ್ತೇನೆ. ಹಿತ್ತಾಳೆ ಬಣ್ಣ ಹೋಗಿ ಹಸಿರೋ ಬಿಳಿಯೋ ಪುಡಿ ಕಂಡರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಅರ್ಧ ಗಂಟೆ ಒಣಗಲು ಬಿಡುತ್ತೇನೆ. ದಪ್ಪ ಪಿನ್ನುಗಳ ಜೊತೆ ಎರಡು ಮೂರು ಸಣ್ಣ ಪಿನ್ನುಗಳಿರುತ್ತವೆ. ಅವು ಚಾರ್ಜರೂ ಬಿಎಂಎಸ್ಸೂ ಮಾತಾಡುವ ತಂತಿಗಳು. ಅವಕ್ಕೆ ಕಿಲುಬು ಹಿಡಿದರೆ ಇಬ್ಬರ ಮಾತು ನಿಲ್ಲುತ್ತದೆ, ಚಾರ್ಜ್ ಶುರುವೇ ಆಗುವುದಿಲ್ಲ. ಬ್ಯಾಟರಿ ಚೆನ್ನಾಗಿರುತ್ತದೆ, ಚಾರ್ಜರ್ ಚೆನ್ನಾಗಿರುತ್ತದೆ, ಆದರೂ ಇಲ್ಲ. ಆಮೇಲೆ ಸೀಟು ಎತ್ತಿ ಇಲಿ ಗೂಡು ಇದೆಯಾ ನೋಡುತ್ತೇನೆ. ಮಳೆಯಲ್ಲಿ ಅವಕ್ಕೂ ಒಣ ಜಾಗ ಬೇಕಲ್ಲ. ಬ್ಯಾಟರಿ ಪೆಟ್ಟಿಗೆಯಲ್ಲಿ ಬಟನ್ ಗಾತ್ರದ ಒಂದು ಉಸಿರುಗಂಡಿ ಇದ್ದರೆ ಅದರ ಕೆಸರು ಒರೆಸುತ್ತೇನೆ. ನೀರು ಹೋಗಬಾರದು ಅಂತ ಅದರ ಮೇಲೆ ಎಂ-ಸೀಲ್ ಮೆತ್ತಿದವರನ್ನು ನೋಡಿದ್ದೇನೆ. ಒಳಗಿನ ಒತ್ತಡ ಹೊರಗೆ ಹೋಗಲು ಇರುವ ದಾರಿ ಅದು.

ಕಳೆದ ಆಗಸ್ಟಿನಲ್ಲಿ ಮಾದಾಪುರದಿಂದ ಒಬ್ಬ ಹುಡುಗ ಸ್ಕೂಟರ್ ತಂದ. ಚಾರ್ಜ್ ಆಗುವುದಿಲ್ಲ. ಅವನ ಮೊಬೈಲ್ ಆ್ಯಪಿನಲ್ಲಿ ಬ್ಯಾಟರಿ ಬಿಸಿ ಮೈನಸ್ 40 ಡಿಗ್ರಿ ತೋರಿಸುತ್ತಿತ್ತು. "ಅಣ್ಣಾ, ಈ ಸಲ ಚಳಿ ಜಾಸ್ತಿ ಅಲ್ವಾ" ಅಂದ. ಇಬ್ಬರೂ ನಕ್ಕೆವು. ಬಿಸಿ ಅಳೆಯುವ ಸೆನ್ಸರ್ ತಣ್ಣಗಾದಷ್ಟೂ ಅದರ ರೆಸಿಸ್ಟೆನ್ಸ್ ಏರುತ್ತದೆ. ತಂತಿ ತುಂಡಾದರೆ ರೆಸಿಸ್ಟೆನ್ಸಿಗೆ ಕೊನೆಯೇ ಇಲ್ಲ. ಬಿಎಂಎಸ್ ಅದನ್ನು ಹಿಮಾಲಯದ ಚಳಿ ಅಂತ ತಿಳಿದು ಚಾರ್ಜಿಂಗ್ ಬಾಗಿಲು ಹಾಕುತ್ತದೆ. ಸೆನ್ಸರ್ ಕನೆಕ್ಟರ್ ಸಡಿಲವಾಗಿತ್ತು. ಸರ್ವಿಸಿಗೆ ಕಳಿಸಿದೆ, ಒಂದು ದಿನದಲ್ಲಿ ಸರಿಯಾಯಿತು. ಆ್ಯಪಿನಲ್ಲಿ ನಂಬಲಾಗದ ನಂಬರ್ ಕಂಡರೆ ಬ್ಯಾಟರಿಗಿಂತ ಮೊದಲು ತಂತಿಯನ್ನು ಅನುಮಾನಿಸಿ.

ಒದ್ದೆ ಗಾಡಿಯನ್ನು ಒಣಗಿಸಲು ಬಚ್ಚಲು ಒಲೆಯ ಪಕ್ಕ ನಿಲ್ಲಿಸಬೇಡಿ. ಬಟ್ಟೆ ಒಣಗಿಸುವುದು ಬೇರೆ, ಬ್ಯಾಟರಿ ಬೇರೆ. ಸೌದೆ ಕೊಟ್ಟಿಗೆಯಲ್ಲಿ ಚಾರ್ಜಿಗೂ ಹಾಕಬೇಡಿ.

ಕರೆಂಟು, ಚಾರ್ಜರು

ಮರ ಬಿದ್ದು ಮೂರು ದಿನ ಕರೆಂಟ್ ಇರುವುದಿಲ್ಲ, ಆಮೇಲೆ ಬಂದು ಹತ್ತು ಸಲ ಹೋಗಿ ಬರುತ್ತದೆ. ಕರೆಂಟ್ ಹೋದ ತಕ್ಷಣ ಚಾರ್ಜರ್ ಸ್ವಿಚ್ ಆರಿಸಿ. ಬಂದ ಮೇಲೆ ಹತ್ತು ನಿಮಿಷ ನೋಡಿ ಹಾಕಿ. ಚಾರ್ಜರ್ ಮೇಲೆ ಎಷ್ಟು ವೋಲ್ಟಿನಿಂದ ಎಷ್ಟರವರೆಗೆ ಅಂತ ಬರೆದಿರುತ್ತದೆ, ನಿಮ್ಮ ಮನೆಯ ಸಂಜೆಯ ವೋಲ್ಟೇಜ್ ಅದರೊಳಗೆ ಇದೆಯಾ ಅಂತ ಒಮ್ಮೆ ಅಳೆಸಿ. 16 ಆಂಪಿನ ಗಟ್ಟಿ ಸಾಕೆಟ್, ಸರಿಯಾದ ಅರ್ಥಿಂಗ್, 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಕಟ್ ಮಾಡುವ ಸ್ವಿಚ್). ಇದರಲ್ಲಿ ಉಳಿತಾಯ ಬೇಡ. ಚಾರ್ಜ್ ಶುರುವಾಗಿ ಅರ್ಧ ಗಂಟೆಗೆ ಪ್ಲಗ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಕೈ ಇಡಲು ಆಗದಿದ್ದರೆ ಸಾಕೆಟ್ ಬದಲಿಸಿ.

ಮನೆಯ ಇನ್ವರ್ಟರಿನಿಂದ ಮಾಡಬಹುದಾ ಅಂತ ಕೇಳುತ್ತಾರೆ. 12 ವೋಲ್ಟ್, 150 ಆಂಪ್ ಅವರ್ ಬ್ಯಾಟರಿ ಅಂದರೆ ಒಟ್ಟು 1.8 ಯೂನಿಟ್. ಬೈಕಿಗೆ ಬೇಕಾದ್ದು 3.24. ಇನ್ವರ್ಟರಿನಲ್ಲಿ, ಚಾರ್ಜರಿನಲ್ಲಿ ಬಿಸಿಯಾಗಿ ಹೋಗುವುದನ್ನು ಕಳೆದರೆ ಬೈಕ್ ಅರ್ಧವೂ ತುಂಬುವುದಿಲ್ಲ, ಮನೆಯೂ ಕತ್ತಲೆ. ಸಣ್ಣ ಪೆಟ್ರೋಲ್ ಜನರೇಟರ್ ನಾನು ಬಳಸುವುದಿಲ್ಲ, ಅದರ ವೋಲ್ಟೇಜ್ ಕುಣಿಯುತ್ತದೆ.

ಬೇರೆಯವರ ಚಾರ್ಜರ್ ಮಾತ್ರ ಬೇಡವೇ ಬೇಡ. ಎರಡರ ಮೇಲೂ 72 ವೋಲ್ಟ್ ಅಂತಲೇ ಇರಬಹುದು, ಪಿನ್ನೂ ಕೂರಬಹುದು. ಆದರೆ 24 ಗುಂಪಿನ ಎಲ್‌ಎಫ್‌ಪಿ ಚಾರ್ಜರ್ 87.6 ವೋಲ್ಟಿನವರೆಗೆ ಏರಿಸುತ್ತದೆ. ನನ್ನ 20 ಗುಂಪಿಗೆ ಅದನ್ನು ಹಾಕಿದರೆ ಒಂದೊಂದಕ್ಕೆ 4.38 ವೋಲ್ಟ್. ಮಿತಿ 4.2. ಬಿಎಂಎಸ್ ತಡೆಯುತ್ತದಲ್ಲ ಅನ್ನುತ್ತೀರಿ. ತಡೆಯಬೇಕು. ಆದರೆ ಮಾಸ್‌ಫೆಟ್ ಸಾಯುವಾಗ ಸಾಮಾನ್ಯವಾಗಿ ಶಾರ್ಟ್ ಆಗಿಯೇ ಸಾಯುತ್ತದೆ. ಅಂದರೆ ಬಾಗಿಲು ತೆರೆದೇ ಉಳಿಯುತ್ತದೆ. ಬೈಕ್ ಓಡುತ್ತಿರುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ.

ಘಾಟಿ ಹತ್ತಿ ಬಂದ ಕೂಡಲೇ ಚಾರ್ಜಿಗೆ ಹಾಕಬೇಡಿ, ಅರ್ಧ ಗಂಟೆ ಆರಲಿ. ಬೇಸಿಗೆಯಲ್ಲಿ ಶೀಟಿನ ಮಾಡಿನ ಕೆಳಗೆ ಮಧ್ಯಾಹ್ನ ಚಾರ್ಜ್ ಮಾಡುವ ಬದಲು ಸಂಜೆ ಮಾಡಿ.

ಕೈ ಹಾಕಬಾರದ ಜಾಗ

ರಿಲೇಗೆ ಕಡ್ಡಿ ಸಿಕ್ಕಿಸುವ ಮಾತು ಹೇಳಿದ್ದೆನಲ್ಲ. "ಬಿಎಂಎಸ್ ಬೈಪಾಸ್ ಮಾಡಿಕೊಡಿ, ದುಡ್ಡು ಕೊಡ್ತೀನಿ" ಅಂತ ಬಂದವರಿದ್ದಾರೆ. ನಾನು ಮಾಡಿಕೊಡುವುದಿಲ್ಲ. ಮೋಟಾರ್ ಸುಟ್ಟರೆ ತಾಮ್ರದ ಖರ್ಚು. ಇದು ಸುಟ್ಟರೆ ಮನೆಯ ಖರ್ಚು. ಬ್ಯಾಟರಿ ಪೆಟ್ಟಿಗೆಯ ಸೀಲ್ ಒಡೆಯಬೇಡಿ, ವಾರಂಟಿ ಹೋಗುವುದಷ್ಟೇ ಅಲ್ಲ. 415 ವೋಲ್ಟಿನಲ್ಲಿ ಕೆಲಸ ಮಾಡಿದ ಕೈ ನನ್ನದು, ಆದರೂ 84 ವೋಲ್ಟಿನ ಡಿಸಿಗೆ ಹೆದರುತ್ತೇನೆ. ಎಸಿಯ ಕಿಡಿ ತಾನೇ ಆರುತ್ತದೆ, ಏಕೆಂದರೆ ಸೆಕೆಂಡಿಗೆ 100 ಸಲ ಸೊನ್ನೆಗೆ ಬರುತ್ತದೆ. ಡಿಸಿ ಕಿಡಿ ಹತ್ತಿದರೆ ಹಿಡಿದುಕೊಳ್ಳುತ್ತದೆ. ಸ್ಪಾನರ್ ಅಡ್ಡ ಬಿದ್ದರೆ ಸ್ಪಾನರ್ ಕರಗುತ್ತದೆ.

ಪೆಟ್ಟಿಗೆ ಉಬ್ಬಿದ್ದರೆ, ನೇಲ್ ಪಾಲಿಶಿನಂಥ ಸಿಹಿ ವಾಸನೆ ಬಂದರೆ, ಬುಸ್ ಅಂತ ಸದ್ದು ಬಂದರೆ ಗಾಡಿ ಮುಟ್ಟಬೇಡಿ. ಮೇನ್ ಸ್ವಿಚ್ ದೂರದಲ್ಲಿದ್ದರೆ ಆರಿಸಿ, ಎಲ್ಲರನ್ನೂ ಹೊರಗೆ ಕರೆದುಕೊಂಡು ಹೋಗಿ 112ಕ್ಕೆ ಕರೆ ಮಾಡಿ. ಮಣ್ಣು ಮುಚ್ಚಿದರೆ ಅದು ಆರುವುದಿಲ್ಲ. ಆರಿದಂತೆ ಕಂಡದ್ದು ಗಂಟೆಗಟ್ಟಲೆ ಆದ ಮೇಲೂ ಮತ್ತೆ ಹತ್ತಬಹುದು.

ಬದಲಿಸಿದ ಹಳೆ ಬ್ಯಾಟರಿ ಗುಜರಿಗೆ ಬೇಡ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ತಯಾರಿಸಿದವರೇ ಅದನ್ನು ವಾಪಸ್ ಪಡೆಯುವ ವ್ಯವಸ್ಥೆ ಮಾಡಬೇಕು.

ಮಳೆ ಡೈರಿಯಲ್ಲಿ ಇನ್ನೊಂದು ಕಾಲಂ

ನಮ್ಮ ಕಡೆ ತೋಟದ ಮನೆಗಳಲ್ಲಿ ಮಳೆ ಲೆಕ್ಕದ ಡೈರಿ ಇರುತ್ತದೆ. ಇವತ್ತು ಎರಡು ಇಂಚು ನಲವತ್ತು ಸೆಂಟ್, ನಿನ್ನೆ ಎಂಬತ್ತು ಸೆಂಟ್, ಹೀಗೆ. ಅಪ್ಪ ಬರೆಯುತ್ತಿದ್ದ, ನಾನೂ ಬರೆಯುತ್ತೇನೆ. ಈಗ ಅದೇ ಪುಟದಲ್ಲಿ ಬೈಕಿನದ್ದೂ ಒಂದು ಕಾಲಂ. ಪೂರ್ತಿ ಚಾರ್ಜ್ ಮಾಡಿದ ದಿನ, ಆ ದಿನದ ಕಿಲೋಮೀಟರ್, ಆ್ಯಪಿನಲ್ಲಿ ಸಿಗುವುದಾದರೆ ಅತಿ ಮೇಲಿನ ಮತ್ತು ಅತಿ ಕೆಳಗಿನ ಗುಂಪಿನ ವೋಲ್ಟೇಜ್. ಬೈಕ್ ನಿಂತು ಅರ್ಧ ಗಂಟೆ ಆದ ಮೇಲೆ ನೋಡಬೇಕು, ಓಡುವಾಗಿನ ನಂಬರ್ ಲೆಕ್ಕಕ್ಕಿಲ್ಲ. ಅಂತರ 30 ಮಿಲಿವೋಲ್ಟಿನ ಒಳಗಿದ್ದರೆ ನಾನು ಯೋಚನೆ ಮಾಡುವುದಿಲ್ಲ. 100 ದಾಟಿದರೆ, ಎರಡು ವಾರ ಪೂರ್ತಿ ಚಾರ್ಜ್ ಮಾಡಿಯೂ ಇಳಿಯದಿದ್ದರೆ ಸರ್ವಿಸಿಗೆ ಹೋಗುತ್ತೇನೆ.

ಹೋದಾಗ "ಬ್ಯಾಟರಿ ಹೋಯ್ತು" ಅನ್ನಬೇಡಿ, ಬೆಲೆಪಟ್ಟಿ ತೆಗೆದುಬಿಡುತ್ತಾರೆ. ಹೀಗೆ ಕೇಳಿ: "ಬಿಎಂಎಸ್ಸಿನ ಎರರ್ ಲಾಗ್ ತೆಗೆದು ತೋರಿಸಿ. ಯಾವ ಗುಂಪು ಎಷ್ಟು ವೋಲ್ಟ್ ಇದೆ? ಕಟ್ ಆಗಿದ್ದು ಕಡಿಮೆ ವೋಲ್ಟೇಜಿಗಾ, ಬಿಸಿಗಾ, ಜಾಸ್ತಿ ಕರೆಂಟಿಗಾ?" ಡೈರಿ ಪುಟದ ಫೋಟೋ ತೋರಿಸಿ. ಕೌಂಟರಿನಲ್ಲಿ ಕೂತವರು ಒಮ್ಮೆ ಮುಖ ನೋಡುತ್ತಾರೆ, ಆಮೇಲೆ ಒಳಗಿನಿಂದ ಲ್ಯಾಪ್‌ಟಾಪ್ ಇರುವವರನ್ನು ಕರೆಯುತ್ತಾರೆ.